ದಿನಕ್ಕೊಂದು ಮುಷ್ಟಿ

(ಶ್ರೀಮಠದ ಸುವರ್ಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಲ ಸಮಾರಂಭದಲ್ಲಿ ಎರಡು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ನನಗೆ ಅಪ್ಪಣೆಯಾಗಿರುವದು. ನಾನು ಪಂಡಿತನಲ್ಲ. ಸಹಕಾರಿ ಸಂಘವೊಂದರಲ್ಲಿ ಇಪ್ಪತ್ತೆಂಟು ವರ್ಷ ಕಾರಕೂನನಾಗಿ ಲೆಕ್ಕ ಬರೆದವನು. ಶಾಸ್ತ್ರದ ಗಹನವಾದ ವಿಚಾರಗಳನ್ನು ನಿಮ್ಮ ಮುಂದೆ ವಿವರಿಸುವ ಯೋಗ್ಯತೆಯು ನನ್ನಲ್ಲಿಲ್ಲ. ಆದರೆ ಹಗಲಿರುಳು ಸಂಸಾರದ ಗಾಣಕ್ಕೆ ಕಟ್ಟಿಕೊಂಡ ಮನುಷ್ಯನು ತನ್ನ ಹೃದಯದಲ್ಲಿಯ ಒಂದು ಮನೋರಥವನ್ನು ಹೇಗೆ ಬಾಡಿಸಿಬಿಡುವನು, ಹೇಗೆ ಉಳಿಸಿಕೊಳ್ಳಬಲ್ಲನು ಎಂಬ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವುಂಟು. ಅದರಲ್ಲಿಯೂ ಬಾಡಿಸಿದ ಅನುಭವವೇ ಹೆಚ್ಚು. ಅದನ್ನೇ ಈ ದಿವಸ ತಮ್ಮ ಪಾದಗಳಿಗೆ ಒಪ್ಪಿಸುವೆನು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಬೀಸುವ ಕಲ್ಲಿನ ಹತ್ತಿರ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ನಮ್ಮ ಅವ್ವನು ಪ್ರತಿದಿವಸ ಬೆಳಿಗ್ಗೆ ಜೋಳವನ್ನು ಮೊರಕ್ಕೆ ಹಾಕಿಕೊಂಡು ಬೀಸಲು ಕೂಡ್ರುವ ಮೊದಲು ಅದರಲ್ಲಿಂದ ಒಂದು ಮುಷ್ಟಿಯನ್ನು ತೆಗೆದು ಆ ಗಡಿಗೆಗೆ ಹಾಕುತ್ತಿದ್ದಳು. ಅದು ಶ್ರೀಮಠದ ಮುಷ್ಟಿಧಾನ್ಯ. ಮಠದಿಂದ ಜೋಳಿಗೆ ಬಂದ ದಿವಸ ಗಡಿಗೆಯನ್ನು ಬೋರಲು ಹಾಕುವದು, ಮರುದಿವಸದಿಂದ ಮತ್ತೆ ಮುಷ್ಟಿ ಹಾಕುವದು. ಬರಗಾಲದ ವರ್ಷದಲ್ಲಿಯೂ ಆ ಗಡಿಗೆಯು ಬರಿದಾಗಿ ಉಳಿದದ್ದನ್ನು ನಾನು ಕಾಣಲಿಲ್ಲ. ಒಂದು ಸಲ ನಾನು, “ಅವ್ವಾ, ಎಲ್ಲರ ಊಟವಾದ ಮೇಲೆ ಮಿಕ್ಕದ್ದನ್ನು ಕೊಟ್ಟರಾಗದೇನು?” ಎಂದು ಕೇಳಿದೆನು. ಅವಳು ನಕ್ಕು, “ಮಿಕ್ಕಿದ ಮೇಲೆ ಕೊಡತೀನಿ ಅಂದರ ಎಂದೂ ಮಿಕ್ಕೂದಿಲ್ಲಪಾ” ಎಂದಳು. ಅಕ್ಷರವನ್ನರಿಯದ ಆ ತಾಯಿಯು ಆಡಿದ ಈ ಮಾತಿನ ಅರ್ಥವು ನನಗೆ ತಿಳಿಯಬೇಕಾದರೆ ನಾಲ್ವತ್ತು ವರ್ಷಗಳು ಹಿಡಿದವು.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಹೊಟ್ಟೆಯ ಉದ್ಯೋಗವೊಂದಿರುವಂತೆ ಎದೆಯ ಉದ್ಯೋಗವೂ ಒಂದಿರುವದು. ಒಬ್ಬನಿಗೆ ಶರಣರ ವಚನಗಳನ್ನು ಅರ್ಥಸಹಿತ ಓದಿ ಮುಗಿಸಬೇಕೆಂಬ ಆಸೆ. ಮತ್ತೊಬ್ಬನಿಗೆ ಸಂಗೀತವನ್ನು ಕಲಿಯಬೇಕೆಂಬ ಹಂಬಲ. ಒಬ್ಬ ಒಕ್ಕಲಿಗನಿಗೆ ಬರಡು ಹೊಲದ ಬದುವಿನ ಮೇಲೆ ಒಂದು ತೋಪು ಎಬ್ಬಿಸಬೇಕೆಂಬ ಬಯಕೆ. ಒಬ್ಬ ತಾಯಿಗೆ ತನ್ನ ಹೆಸರನ್ನು ತಾನೇ ಬರೆಯಬೇಕೆಂಬ ಇಚ್ಛೆ. ಇವುಗಳನ್ನು ಯಾರೂ ನಮ್ಮ ಮೇಲೆ ಹೊರಿಸಿಲ್ಲ. ಇವುಗಳನ್ನು ಮಾಡದಿದ್ದರೆ ಯಾರೂ ಕೇಳುವದೂ ಇಲ್ಲ. ಆದುದರಿಂದಲೇ ಇವು ಎಲ್ಲಕ್ಕೂ ಹಿಂದೆ ಬೀಳುವವು. ಸಾಲಗಾರನು ಬಾಗಿಲಿಗೆ ಬರುವನು; ಅಧಿಕಾರಿಯು ಕಾಗದವನ್ನು ಕಳಿಸುವನು; ಕೂಸು ಅಳುವದು; ದನವು ಕೂಗುವದು. ಮನೋರಥವೊಂದು ಮಾತ್ರ ಕೂಗುವದಿಲ್ಲ. ಅದು ಮೂಲೆಯಲ್ಲಿ ಸುಮ್ಮನೆ ಕುಳಿತು ನಮ್ಮ ದಾರಿಯನ್ನು ಕಾಯುವದು. ಕಾಯುತ್ತ ಕಾಯುತ್ತ ಒಂದು ದಿವಸ ಇಲ್ಲದಂತಾಗುವದು.

“ಏನು ಮಾಡಲಿ, ನನಗೆ ಪುರುಸೊತ್ತಿಲ್ಲ” ಎಂದು ನಾವೆಲ್ಲರೂ ಹೇಳುವೆವು. ಈ ಮಾತು ಸುಳ್ಳಲ್ಲ. ಆದರೆ ನಮ್ಮ ಧರ್ಮದ ಮೂಲಪುರುಷರ ಕಡೆಗೆ ಸ್ವಲ್ಪ ದೃಷ್ಟಿಯನ್ನು ಹೊರಳಿಸಿರಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಆ ಶರಣರಲ್ಲಿ ಪುರುಸೊತ್ತುಳ್ಳವರು ಯಾರಿದ್ದರು? ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತವರು. ಮಡಿವಾಳ ಮಾಚಯ್ಯನವರು ಬಟ್ಟೆಯನ್ನೊಗೆದರು. ನುಲಿಯ ಚಂದಯ್ಯನವರು ಹಗ್ಗವನ್ನು ಹೊಸೆದರು. ಅಂಬಿಗರ ಚೌಡಯ್ಯನವರು ದೋಣಿಯನ್ನು ನಡೆಸಿದರು. ಮೇದಾರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿಯನ್ನು ಹೆಣೆದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿದರು. ಅನುಭಾವದ ಸಾಹಿತ್ಯವು ಹುಟ್ಟಿದ್ದು ಇಂಥ ಕೈಗಳಿಂದ. ಪೀಠದ ಮೇಲೆ ಒರಗಿ ಕುಳಿತವರು ಅದನ್ನು ಹುಟ್ಟಿಸಲಿಲ್ಲ. ಬೆನ್ನು ಬಾಗಿಸಿ ದುಡಿದವರು ಹುಟ್ಟಿಸಿದರು.

ವಚನದ ಆಕಾರವನ್ನೇ ನೋಡಿರಿ. ಅದು ಮಹಾಕಾವ್ಯದಂತೆ ಸಾವಿರಾರು ಪದ್ಯಗಳುಳ್ಳದ್ದಲ್ಲ. ಕೆಲವೇ ಸಾಲುಗಳಲ್ಲಿ ಮುಗಿಯುವಂಥದು. ಹಗ್ಗವನ್ನು ಹೊಸೆಯುತ್ತಲೇ ಮನಸ್ಸಿನಲ್ಲಿ ಕೂಡಿಸಿಕೊಳ್ಳಬಹುದಾದದ್ದು, ಹುಟ್ಟುಹಾಕುತ್ತಲೇ ಬಾಯಲ್ಲಿ ಆಡಿಕೊಳ್ಳಬಹುದಾದದ್ದು. ಶರಣರು ತಮ್ಮ ಕಾಯಕವನ್ನು ಬಿಟ್ಟು ಅನುಭಾವವನ್ನು ಅರಸಲಿಲ್ಲ. ಕಾಯಕದ ಎಡೆಯಲ್ಲಿ ಹಿಡಿಸುವಷ್ಟು ಸಣ್ಣದಾದ ಪಾತ್ರೆಯನ್ನು ಮಾಡಿಕೊಂಡು ಅದನ್ನು ದಿನದಿನವೂ ತುಂಬಿದರು. ಒಂದೊಂದು ಪಾತ್ರೆಯು ಸಣ್ಣದು. ಕೂಡಿದ ರಾಶಿಯೋ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಾಗಿ ನಮ್ಮ ಪಾಲಿಗೆ ಬಂದಿರುವದು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದ್ದನ್ನು ತಮ್ಮಲ್ಲಿ ಅನೇಕರು ಶ್ರೀಮಠದ ಗ್ರಂಥಾಲಯದಲ್ಲಿ ಕಂಡಿರಬಹುದು.

ಇನ್ನು ನನ್ನ ತಪ್ಪಿನ ಕಥೆಯನ್ನು ಹೇಳುವೆನು. 1979ರಲ್ಲಿ ನಮ್ಮ ತಂದೆಯವರು ಲಿಂಗೈಕ್ಯರಾದರು. ಅವರ ಅಜ್ಜನ ಕಾಲದಿಂದ ಮನೆಯಲ್ಲಿದ್ದ ಒಂದು ಓಲೆಗರಿಯ ಕಟ್ಟು ನನ್ನ ಕೈಗೆ ಬಂದಿತು. ಎರಡು ಮರದ ಹಲಗೆಗಳ ನಡುವೆ 168 ಗರಿಗಳು, ನಡುವೆ ತೂತಿನಲ್ಲಿ ಪೋಣಿಸಿದ ದಾರ, ಮೇಲೆ ಕೆಂಪು ವಸ್ತ್ರ. ತಂದೆಯವರು ತಮ್ಮ ಕೊನೆಯ ದಿವಸಗಳಲ್ಲಿ, “ಇದರಾಗ ಶರಣರ ವಚನ ಅದಾವ. ನನ್ನ ಕೈಲೆ ಆಗಲಿಲ್ಲ, ನೀ ಕಾಗದದ ಮ್ಯಾಲೆ ಇಳಿಸು” ಎಂದಿದ್ದರು. ನಾನು ಆಗಲೆಂದೆನು. ಅದು ಅವರ ಆಜ್ಞೆಯಷ್ಟೇ ಆಗಿರಲಿಲ್ಲ. ನನ್ನ ಸ್ವಂತ ಹಂಬಲವೂ ಆಗಿದ್ದಿತು. ಆ ವರ್ಷ ಕಚೇರಿಯಲ್ಲಿ ಲೆಕ್ಕಪರಿಶೋಧನೆ. ಮುಂದಿನ ವರ್ಷ ಮನೆಯ ಗೋಡೆ ಬಿದ್ದಿತು. 1981ರಲ್ಲಿ ತಂಗಿಯ ಮದುವೆ. ಆ ಮೇಲೆ ಮಕ್ಕಳ ಶಾಲೆ, ಅವ್ವನ ಬೇನೆ, ಹೊಲದ ತಕರಾರು. ಪ್ರತಿಯೊಂದು ಕಾರಣವೂ ಸತ್ಯವಾದದ್ದು. “ಇದೊಂದು ಮುಗಿಯಲಿ, ಒಮ್ಮೆ ರಜೆ ಹಾಕಿ ಕುಳಿತು ಪೂರ್ತಿ ಬರೆದುಬಿಡುವೆನು” ಎಂದು ಪ್ರತಿ ಶ್ರಾವಣದಲ್ಲಿಯೂ ಅಂದುಕೊಂಡೆನು. ಹಾಗೆ ಹನ್ನೊಂದು ಶ್ರಾವಣಗಳು ಹೋದವು.

1990ರ ಶ್ರಾವಣದಲ್ಲಿ ಒಂದು ಸೋಮವಾರ ಕಟ್ಟನ್ನು ಬಿಚ್ಚಿದೆನು. ಹೊರಗಿನ ವಸ್ತ್ರವು ಹಾಗೆಯೇ ಇದ್ದಿತು. ಒಳಗೆ ಹುಳಗಳು ನನಗಿಂತ ಮೊದಲೇ ಓದಲಾರಂಭಿಸಿದ್ದವು. ಮೇಲಿನ ಗರಿಗಳು ಸಣ್ಣ ಸಣ್ಣ ತೂತುಗಳಿಂದ ಜರಡಿಯಂತಾಗಿದ್ದವು. ಕೆಳಗಿನವು ತೇವದಿಂದ ಒಂದಕ್ಕೊಂದು ಅಂಟಿ ಎತ್ತಿದರೆ ಹುಡಿಯಾದವು. ಎಣಿಸಿ ನೋಡಿದೆನು: 41 ಗರಿಗಳು ಹೋಗಿದ್ದವು, 127 ಉಳಿದಿದ್ದವು. ನಾನು ಲೆಕ್ಕದವನು, ನಷ್ಟವನ್ನು ಬರೆದುಕೊಳ್ಳುವ ರೂಢಿಯುಳ್ಳವನು. ಆದರೆ ಈ ನಷ್ಟವನ್ನು ಯಾವ ಪುಟದಲ್ಲಿ ಬರೆಯಲಿ? ಆ ನಾಲ್ವತ್ತೊಂದು ಗರಿಗಳಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು. ಬೇರೆ ಕಟ್ಟುಗಳಲ್ಲಿದ್ದ ವಚನಗಳೇ ಅವುಗಳಲ್ಲಿಯೂ ಇದ್ದಿರಬಹುದು. ಎಲ್ಲಿಯೂ ಇಲ್ಲದ ಒಂದು ಮಾತೂ ಇದ್ದಿರಬಹುದು. ಆ ದಿವಸ ನಾನು ಪ್ರಸಾದ ಸ್ವೀಕರಿಸಲಿಲ್ಲ.

ಆ ಸಮಯದಲ್ಲಿ ಶ್ರೀಮಠದಲ್ಲಿದ್ದ ಹಿರಿಯ ಶಾಸ್ತ್ರಿಗಳೊಬ್ಬರ ಹತ್ತಿರ ಹೋಗಿ ನನ್ನ ದುಃಖವನ್ನು ಹೇಳಿಕೊಂಡೆನು. ಅವರು ನನ್ನನ್ನು ಬೈಯಲೂ ಇಲ್ಲ, ಸಂತೈಸಲೂ ಇಲ್ಲ. ಫ. ಗು. ಹಳಕಟ್ಟಿಯವರ ಚರಿತ್ರೆಯನ್ನು ಹೇಳಿದರು. ಅದನ್ನು ತಾವೆಲ್ಲರೂ ಬಲ್ಲಿರಿ. ಆದರೂ ಈ ದಿವಸದ ವಿಷಯಕ್ಕೆ ಅದಕ್ಕಿಂತ ತಕ್ಕ ದೃಷ್ಟಾಂತವು ಬೇರೊಂದಿಲ್ಲವಾದ್ದರಿಂದ ಮತ್ತೊಮ್ಮೆ ನೆನೆಯೋಣ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನಿನ ಪದವಿಯನ್ನು ಪಡೆದು, ವಿಜಾಪುರದಲ್ಲಿ, ಎಂದರೆ ಈಗಿನ ವಿಜಯಪುರದಲ್ಲಿ, ವಕೀಲಿಯನ್ನು ಮಾಡುತ್ತ ನೆಲೆಸಿದರು. ವಕೀಲನ ಹಗಲು ಎಂಥದೆಂಬುದನ್ನು ಕೋರ್ಟಿನ ಮೆಟ್ಟಿಲನ್ನು ಹತ್ತಿದವರೆಲ್ಲರೂ ಬಲ್ಲರು. ಅದು ಸಾಲದೆಂಬಂತೆ ಅವರು ಸಮಾಜದ ಕೆಲಸಗಳನ್ನೂ ಮೈಮೇಲೆ ಎಳೆದುಕೊಂಡರು. 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕೂ ಅವರ ಪರಿಶ್ರಮದಿಂದ ತಲೆಯೆತ್ತಿದವು. ಇಷ್ಟೆಲ್ಲ ಗೊಂದಲದ ನಡುವೆ ಅವರ ಎದೆಯಲ್ಲಿ ಒಂದೇ ಒಂದು ದೀಪವು ಉರಿಯುತ್ತಿದ್ದಿತು: ಮಠಗಳ ಗವಿಗಳಲ್ಲಿ, ಭಕ್ತರ ಮನೆಗಳ ಅಟ್ಟಗಳಲ್ಲಿ, ದೇವರ ಜಗಲಿಗಳ ಮೇಲೆ ಪೂಜೆಗೊಳ್ಳುತ್ತ ಯಾರಿಂದಲೂ ಓದಿಸಿಕೊಳ್ಳದೆ ಹುಳದ ಬಾಯಿಗೆ ಬೀಳುತ್ತಿದ್ದ ಶರಣರ ವಚನಗಳನ್ನು ಬೆಳಕಿಗೆ ತರಬೇಕು.

ಓಲೆಯನ್ನೋದುವ ಕೆಲಸವು ಎಷ್ಟು ನಿಧಾನವಾದದ್ದೆಂಬುದನ್ನು ಮಾಡಿದವರೇ ಬಲ್ಲರು. ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರಗಳು ಮಸಿಯನ್ನು ಸವರಿ ಒರೆಸಿದಾಗಲೇ ಕಣ್ಣಿಗೆ ಕಾಣುವವು. ಪದಪದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ತೋರಿಸಿರುವದಿಲ್ಲ. ಒಬ್ಬ ಲಿಪಿಕಾರನ ಕೈ ಮತ್ತೊಬ್ಬನಂತಿರುವದಿಲ್ಲ. ಒಂದು ಕಟ್ಟಿನ ಪಾಠವು ಇನ್ನೊಂದರೊಡನೆ ಹೊಂದದಿದ್ದರೆ ಎರಡನ್ನೂ ಇಟ್ಟುಕೊಂಡು ತೂಗಿ ನೋಡಬೇಕು. ಇಂಥ ಕೆಲಸವನ್ನು ಅವರು ವಕೀಲಿಯ ಕಾಗದಗಳ ಮಗ್ಗುಲಲ್ಲಿಯೇ ಇಟ್ಟುಕೊಂಡು, ವರ್ಷಗಟ್ಟಲೆ ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿ, ಓದಿ, ಪ್ರತಿಮಾಡಿ ನಡೆಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಕನ್ನು ಕಂಡದ್ದು 1923ರಲ್ಲಿ. ವಿಜಾಪುರದಲ್ಲಿ ವಕೀಲಿಯನ್ನು ಹೂಡಿದ ಕಾಲದಿಂದ ಎಣಿಸಿದರೆ ಸುಮಾರು ಇಪ್ಪತ್ತು ವರ್ಷಗಳು! ಇಪ್ಪತ್ತು ವರ್ಷಗಳ ವರೆಗೆ ಹೊರಗಿನವರ ಕಣ್ಣಿಗೆ ತೋರಿಸಲು ಅಚ್ಚಾದ ಆ ಗ್ರಂಥವು ಅವರ ಕೈಯಲ್ಲಿರಲಿಲ್ಲ. ಇದ್ದದ್ದು ಬೆಳೆಯುತ್ತಿದ್ದ ಕಾಗದದ ರಾಶಿ ಮಾತ್ರ.

ಅಷ್ಟಾದರೂ ವಿಘ್ನವು ತಪ್ಪಲಿಲ್ಲ. ಮೊದಲು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳಿಸಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿ ಬಂದಿತು. ಕಡೆಗೆ ಬೆಳಗಾವಿಯಲ್ಲಿ ಮುದ್ರಣವಾಯಿತು. ಪರರ ಯಂತ್ರವನ್ನು ನೆಚ್ಚಿಕೊಂಡರೆ ಕೆಲಸ ಸಾಗದೆಂದು ತಿಳಿದು, ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಮೇಲ್ಪಟ್ಟು ನಡೆಸಿದರು. 1927ರಲ್ಲಿ ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಜನರ ನಾಲಗೆಯ ಮೇಲೆ ಕೆಲವೇ ವಚನಕಾರರ ಹೆಸರುಗಳಿದ್ದ ಕಾಲದಲ್ಲಿ ಇನ್ನೂರಕ್ಕೂ ಮಿಕ್ಕು ವಚನಕಾರರ ಪರಿಚಯವು ಅವರ ದುಡಿಮೆಯಿಂದ ನಾಡಿಗೆ ಆಯಿತು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವಿಯೂ 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರ್ ಪದವಿಯೂ ಅವರನ್ನರಸಿ ಬಂದವು. 1964ನೆಯ ಇಸವಿ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಈ ಚರಿತ್ರೆಯನ್ನು ಹೇಳಿ ಶಾಸ್ತ್ರಿಗಳು ನನ್ನನ್ನು ಕೇಳಿದರು: “ಅವರಿಗೆ ಇಷ್ಟು ಹೊತ್ತು ಎಲ್ಲಿಂದ ಬಂತು?” ನಾನು, “ಅವರು ಮಹಾಪುರುಷರು” ಎಂದೆನು. ಶಾಸ್ತ್ರಿಗಳಿಗೆ ಆ ಉತ್ತರವು ಸೇರಲಿಲ್ಲ. “ಮಹಾಪುರುಷರೆಂದು ಕೈಮುಗಿದುಬಿಟ್ಟರೆ ನಮ್ಮ ಹೊಣೆ ಹರಿದುಹೋಗತದ. ಅದು ಭಕ್ತಿ ಅಲ್ಲ, ಮೈಗಳ್ಳತನ. ಅವರು ಪುರುಸೊತ್ತಿನ ದಾರಿ ಕಾಯಲಿಲ್ಲ, ಅಷ್ಟೇ” ಎಂದರು. ಆ ಮಾತಿನೊಡನೆ ನನಗೆ ನಮ್ಮ ಅವ್ವನ ಗಡಿಗೆಯು ನೆನಪಿಗೆ ಬಂದಿತು. ಹನ್ನೊಂದು ವರ್ಷ ನಾನು ಊಟವಾದ ಮೇಲೆ ಮಿಕ್ಕುವ ಕಾಲಕ್ಕಾಗಿ ಕಾದಿದ್ದೆನು. ಬೀಸುವ ಮೊದಲು ಮುಷ್ಟಿಯನ್ನು ತೆಗೆದಿಡಲಿಲ್ಲ.

ಮರುದಿವಸದಿಂದ ಮುಷ್ಟಿಯನ್ನು ತೆಗೆದಿಡಲಾರಂಭಿಸಿದೆನು. ಇಷ್ಟಲಿಂಗಪೂಜೆಯು ಮುಗಿದೊಡನೆ, ಬಾಗಿಲಿನ ಹೊರಗಿನ ಲೋಕವು ನನ್ನನ್ನು ಕರೆಯುವ ಮೊದಲು, ಅದೇ ಮಣೆಯ ಮೇಲೆ ಕುಳಿತು ಒಂದು ಗರಿಯ ಒಂದು ಮಗ್ಗುಲನ್ನು ಮಾತ್ರ ಪ್ರತಿ ಮಾಡುವದು. ಅದಕ್ಕಿಂತ ಹೆಚ್ಚಿಲ್ಲ. ಹಳೆಯ ಲಿಪಿಯನ್ನು ಓದುವದನ್ನು ಶಾಸ್ತ್ರಿಗಳು ವಾರಕ್ಕೊಮ್ಮೆ ಕಲಿಸಿದರು. 127 ಗರಿಗಳಿಗೆ 254 ಮಗ್ಗುಲುಗಳು. ಒಂದೂ ದಿವಸ ತಪ್ಪದಿದ್ದರೆ ಎಂಟೂವರೆ ತಿಂಗಳ ಕೆಲಸ. ಕಾರಕೂನನಾದ್ದರಿಂದ ದಿನದಿನದ ಲೆಕ್ಕವನ್ನೂ ಇಟ್ಟೆನು. ಆ ಲೆಕ್ಕವು ಹೇಳುವದೇನೆಂದರೆ, ಕೆಲಸವು ಮುಗಿದದ್ದು ಹದಿನಾಲ್ಕು ತಿಂಗಳಿಗೆ. ಎಂದರೆ ಹತ್ತು ದಿವಸಗಳಲ್ಲಿ ಆರು ದಿವಸ ಬರೆದೆನು, ನಾಲ್ಕು ದಿವಸ ತಪ್ಪಿದೆನು. ಜ್ವರ ಬಂದಿತು, ಬೀಗರು ಬಂದರು, ಕಚೇರಿಯಿಂದ ಕರೆ ಬಂದಿತು, ಕೆಲವು ದಿವಸ ಬರಿಯ ಆಲಸ್ಯವು ಬಂದಿತು. ಆದರೂ ಕೆಲಸ ಮುಗಿಯಿತು. ಹನ್ನೊಂದು ವರ್ಷಗಳ ದೊಡ್ಡ ನಿಶ್ಚಯದಿಂದಾಗದ್ದು ಹದಿನಾಲ್ಕು ತಿಂಗಳ ಕುಂಟು ನಡಿಗೆಯಿಂದಾಯಿತು.

ಈ ಪ್ರಸಂಗದಿಂದ ನಾನು ಕಲಿತ ಕೆಲವು ಸಂಗತಿಗಳನ್ನು, ತಮಗೆ ಉಪಯೋಗವಾದೀತೆಂಬ ಆಸೆಯಿಂದ, ಕ್ರಮವಾಗಿ ಹೇಳುವೆನು.

ಮೊದಲನೆಯದು, ಅಳತೆಯು ಸಣ್ಣದಾಗಿರಬೇಕು. ಆಯ್ದಕ್ಕಿ ಮಾರಯ್ಯನವರ ಕಥೆಯು ತಮಗೆ ಗೊತ್ತಿರುವದು. ಆ ಶರಣರು ಒಂದು ದಿವಸ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವರ ಸತಿ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಕ್ಕೆ ಸುರಿದು ಬರಹೇಳಿದರು. ಅದನ್ನು ನಾವು ದುರಾಸೆಯ ನಿಷೇಧವೆಂದು ಅರ್ಥಮಾಡುವೆವು, ಅದು ಸರಿಯೇ. ಆದರೆ ಅದರಲ್ಲಿ ನಿತ್ಯದ ಅಳತೆಯನ್ನು ಮೀರಬಾರದೆಂಬ ಮಾತೂ ಇರುವದು. ಒಂದು ದಿವಸ ಹುಮ್ಮಸ್ಸಿನಲ್ಲಿ ಹತ್ತು ಪುಟ ಬರೆದವನು ಮರುದಿವಸ ದಣಿದು ಲೇಖನಿಯನ್ನು ಮುಟ್ಟುವದಿಲ್ಲ. ತಪ್ಪಿದ ದಿವಸದ ಸಾಲವನ್ನು ಮರುದಿವಸ ಇಮ್ಮಡಿಯಾಗಿ ತೀರಿಸಹೋದವನು ಆ ಸಾಲದ ಭಾರಕ್ಕೆ ಹೆದರಿ ಮೂರನೆಯ ದಿವಸ ಕೆಲಸವನ್ನೇ ಬಿಡುವನು. ತಪ್ಪಿದ್ದು ತಪ್ಪಿತು, ಈ ದಿವಸದ ಮುಷ್ಟಿಯನ್ನು ಈ ದಿವಸ ಹಾಕಿದರೆ ಸಾಕು.

ಎರಡನೆಯದು, ಸಂಕಲ್ಪವನ್ನು ಎಂದೂ ತಪ್ಪದ ಒಂದು ಆಚಾರದ ಮಗ್ಗುಲಿಗೆ ಕಟ್ಟಬೇಕು. ಎಷ್ಟೇ ಅವಸರವಿರಲಿ, ಸದ್ಭಕ್ತನು ಲಿಂಗಪೂಜೆಗೆ ಪುರುಸೊತ್ತಿಲ್ಲವೆನ್ನುವದಿಲ್ಲ. ಗುಡಿಯ ಬಾಗಿಲು ತೆರೆಯುವ ಹೊತ್ತನ್ನು ಕಾಯಬೇಕಾಗದಂತೆ ಗುರುವು ದೇವರನ್ನು ಅಂಗೈಯಗಲದಲ್ಲಿ ಅಳವಡಿಸಿ ನಮ್ಮ ಎದೆಯ ಮೇಲೆ ಕಟ್ಟಿರುವನು. ಆ ಪೂಜೆಯ ನೆರಳಿನಲ್ಲಿ ನಿಮ್ಮ ಸಣ್ಣ ಕೆಲಸವನ್ನು ಇಟ್ಟುಕೊಳ್ಳಿರಿ. ಈಗಿನ ಕಾಲದಲ್ಲಿ ಎದ್ದೊಡನೆ ಕೈಯು ಮೊಬಾಯಿಲನ್ನು ಹುಡುಕುವದು. ಅದನ್ನು ಹಿಡಿದ ಮೇಲೆ ಅರ್ಧ ಗಳಿಗೆಯಾಗಲಿ ಒಂದು ತಾಸಾಗಲಿ ಹೋದದ್ದೇ ತಿಳಿಯದು. ಮೊದಲಿನ ಮುಷ್ಟಿಯು ಅದಕ್ಕೆ ಹೋಗದಿರಲಿ.

ಮೂರನೆಯದು, ಕಾಯಕವನ್ನು ಮನೋರಥದ ವೈರಿಯೆಂದು ತಿಳಿಯಬಾರದು. ಕಚೇರಿಯಲ್ಲಿ ನಾನು ಬರೆದ ಅಂಕಿಗಳೇ ನನಗೆ ಸಾಲು ತಪ್ಪದೆ ಬರೆಯುವದನ್ನು ಕಲಿಸಿದವು. ವಕೀಲರು ಕಾಗದಪತ್ರಗಳನ್ನು ಜೋಡಿಸಿ, ಸಾಕ್ಷಿಯನ್ನು ತೂಗಿ ನೋಡುವ ತಮ್ಮ ಅಭ್ಯಾಸವನ್ನು ಓಲೆಯ ಪಾಠಗಳನ್ನು ಹೋಲಿಸುವಲ್ಲಿ ಉಪಯೋಗಿಸಿರಲೇಬೇಕೆಂದು ನಾನು ಎಣಿಸುವೆನು. ಒಂದು ಕೆಲಸದಲ್ಲಿ ಪಳಗಿದ ಕೈಯು ಮತ್ತೊಂದಕ್ಕೆ ಬರುವಾಗ ಬರಿದಾಗಿ ಬರುವದಿಲ್ಲ.

ನಾಲ್ಕನೆಯದನ್ನು ಹೇಳುವಾಗ ನನಗೆ ನಾಚಿಕೆಯಾಗುವದು. ಆದರೂ ಹೇಳದೆ ಬಿಟ್ಟರೆ ಈ ಉಪನ್ಯಾಸವು ಅರ್ಧಸತ್ಯವಾದೀತು. ನಾನು ಪೂಜೆಯ ಮಣೆಯ ಮೇಲೆ ಕುಳಿತು ಗರಿಯನ್ನು ಪ್ರತಿಮಾಡುತ್ತಿದ್ದ ಆ ಹೊತ್ತಿನಲ್ಲಿ ಮಕ್ಕಳನ್ನು ಸುಮ್ಮನಿರಿಸಿದವರು ಯಾರು? ವಿದ್ಯುತ್ತು ಹೋದ ಬೆಳಿಗ್ಗೆ ಕಂದೀಲನ್ನು ಒರೆಸಿ ತಂದಿಟ್ಟವರು ಯಾರು? ಬಾಗಿಲಿಗೆ ಬಂದವರನ್ನು ಮಾತಾಡಿಸಿ ಕೂಡ್ರಿಸಿದವರು ಯಾರು? ನನ್ನ ಧರ್ಮಪತ್ನಿಯು. ಒಂದು ದಿವಸ, ಕೆಲಸವು ಅರ್ಧಕ್ಕೆ ಬಂದಿದ್ದಾಗ, ಅವಳು ನನ್ನ ಪ್ರತಿಯ ಮೇಲೆ ಬೆರಳಿಟ್ಟು, “ಇದು ಯಾವ ಅಕ್ಷರ?” ಎಂದು ಕೇಳಿದಳು. ನಾನು ಹೇಳಿದೆನು. ಆಮೇಲೆ ಅವಳು ಮೆಲ್ಲಗೆ, “ಲಗ್ನಾದ ವರ್ಷ ನನಗ ಓದಲಿಕ್ಕೆ ಕಲಿಸ್ರಿ ಅಂತ ಕೇಳಿದ್ದೆ. ಪುರುಸೊತ್ತು ಆದಮ್ಯಾಲೆ ಅಂದಿದ್ರಿ” ಎಂದಳು. ನಮ್ಮ ಮದುವೆಯು 1977ರಲ್ಲಿ ಆದದ್ದು. ಅವಳ ಸಂಕಲ್ಪವು ನನ್ನ ಓಲೆಗರಿಗಿಂತ ಹಳೆಯದು! ನನ್ನ ಕಟ್ಟನ್ನು ಹುಳ ತಿಂದಿತೆಂದು ನಾನು ಅತ್ತಿದ್ದೆನು. ಅವಳ ಹದಿಮೂರು ವರ್ಷಗಳನ್ನು ತಿಂದ ಹುಳವು ನಾನೇ ಆಗಿದ್ದೆನು.

ಆ ದಿವಸದಿಂದ ನಾನು ಪ್ರತಿಯನ್ನು ದಪ್ಪ ಅಕ್ಷರಗಳಲ್ಲಿ ಬರೆಯತೊಡಗಿದೆನು. ರಾತ್ರಿಯ ಪ್ರಸಾದವಾದ ಮೇಲೆ ಪಾತ್ರೆಗಳನ್ನು ಮಕ್ಕಳೂ ನಾನೂ ಬೆಳಗುವದು, ಅವಳು ಆ ದಿವಸದ ಪುಟವನ್ನು ಓದುವದು ಎಂದು ಗೊತ್ತುಮಾಡಿದೆವು. ಮೊದಲು ದಿನಕ್ಕೊಂದು ಅಕ್ಷರ, ಆ ಮೇಲೆ ಒಂದು ಶಬ್ದ, ಆ ಮೇಲೆ ಒಂದು ಸಾಲು. 1994ರ ಶ್ರಾವಣದಲ್ಲಿ ಇದೇ ಶ್ರೀಮಠದ ಪ್ರಾಂಗಣದಲ್ಲಿ, ಆಗಿನ ಶ್ರೀಗಳವರ ಸನ್ನಿಧಿಯಲ್ಲಿ, ಅವಳು ಒಂದು ವಚನವನ್ನು ತಾನೇ ಓದಿದಳು. ನಡುವೆ ಎರಡು ಕಡೆ ತಡೆದಳು, ಯಾರೂ ಹೇಳಿಕೊಡಲಿಲ್ಲ, ತಾನೇ ಕೂಡಿಸಿಕೊಂಡು ಮುಂದಕ್ಕೆ ಹೋದಳು. ನನ್ನ 254 ಪುಟಗಳೆಲ್ಲವೂ ಆ ಒಂದು ಓದಿಗೆ ಸರಿಯಾಗಲಾರವೆಂದು ಆಗ ನನಗೆ ತೋರಿತು. ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟು: ನಿಮ್ಮ ಮನೋರಥವು ಯಾರ ಹೆಗಲಿನ ಮೇಲೆ ನಡೆಯುತ್ತಿರುವದೆಂಬುದನ್ನು ಒಮ್ಮೆ ಬಗ್ಗಿ ನೋಡಿರಿ. ನಿಮಗೊಂದು ಮುಷ್ಟಿ ಕಾಲವನ್ನು ಇಟ್ಟುಕೊಳ್ಳುವಾಗ ಮನೆಯ ತಾಯಂದಿರಿಗೂ ಒಂದು ಮುಷ್ಟಿಯನ್ನು ಕೊಡಿರಿ. ಸತಿಪತಿಗಳಲ್ಲಿ ಒಬ್ಬರ ಸಂಕಲ್ಪವು ಇನ್ನೊಬ್ಬರ ಸಂಕಲ್ಪವನ್ನು ನುಂಗಿ ಬೆಳೆದರೆ ಅದು ಶರಣಮಾರ್ಗವಾಗದು.

ಐದನೆಯದು ಮತ್ತು ಕೊನೆಯದು, ಮನೋರಥವು ದಾಸೋಹದಲ್ಲಿ ಮುಗಿಯಬೇಕು. ತನಗಾಗಿ ಮಾತ್ರ ಕಂಡ ಕನಸು ಕೈಗೂಡಿದ ಮರುದಿವಸವೇ ಹಳಸುವದು. ಹಳಕಟ್ಟಿಯವರು ಕಟ್ಟುಗಳನ್ನು ಕೂಡಿಸಿ ತಮ್ಮ ಮನೆಯ ಜಗಲಿಯ ಮೇಲೆ ಇಟ್ಟುಕೊಂಡಿದ್ದರೆ ಅವರೂ ನಮ್ಮ ಮುತ್ತಜ್ಜನಂತೆ ಒಬ್ಬ ಭಕ್ತರಾಗಿ ಉಳಿಯುತ್ತಿದ್ದರು. ಅವರು ಅವುಗಳನ್ನು ಓದಿ, ಅಚ್ಚುಮಾಡಿಸಿ, ನಾಡಿನ ಕೈಗಿಟ್ಟರು. ನಾನು ಮಾಡಿದ ಪ್ರತಿಯೂ ಉಳಿದ ಗರಿಗಳೂ ಈಗ ಶ್ರೀಮಠದ ಗ್ರಂಥಭಾಂಡಾರದಲ್ಲಿರುವವು. ಓದಬಲ್ಲವರು ಓದಲಿ. ತಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಂಥ ಕಟ್ಟುಗಳಿದ್ದರೆ, ದಯವಿಟ್ಟು ಹನ್ನೊಂದು ಶ್ರಾವಣ ಕಾಯಬೇಡಿರಿ. ಪೂಜೆಗೆಂದು ವಸ್ತ್ರದಲ್ಲಿ ಸುತ್ತಿಟ್ಟ ಮಾತ್ರಕ್ಕೆ ಅವು ಉಳಿಯಲಾರವು. ಬಿಚ್ಚಿ ನೋಡಿರಿ; ಬಲ್ಲವರಿಗೆ ತೋರಿಸಿರಿ.

ಒಂದು ಸಂಶಯಕ್ಕೆ ಉತ್ತರವನ್ನು ಹೇಳಿ ಮುಗಿಸುವೆನು. “ನಮ್ಮ ವಯಸ್ಸು ಮೀರಿತು, ಇನ್ನೇನು ಆರಂಭಿಸುವದು?” ಎಂದು ಕೆಲವರು ಕೇಳುವರು. ಮತ್ತೆ ಕೆಲವರು, “ಮುಗಿಯುವ ಭರವಸೆಯಿಲ್ಲದ್ದನ್ನು ಹಿಡಿಯುವದೇಕೆ?” ಎನ್ನುವರು. ಶರಣಬಂಧುಗಳೇ, ಮುಗಿಸುವದು ನಮ್ಮ ಕೈಯಲ್ಲಿಲ್ಲ; ಮುಷ್ಟಿಯನ್ನು ಹಾಕುವದು ಮಾತ್ರ ನಮ್ಮ ಕೈಯಲ್ಲಿರುವದು. ಹಳಕಟ್ಟಿಯವರೂ ಎಲ್ಲವನ್ನೂ ಮುಗಿಸಲಿಲ್ಲ. ಅವರು ಬಿಟ್ಟಲ್ಲಿಂದ ಅನೇಕ ವಿದ್ವಾಂಸರು ಮುಂದುವರಿಸಿದರು. ಅವರು ಲಿಂಗೈಕ್ಯರಾಗಿ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ ಆ ಹದಿನೈದು ಸಂಪುಟಗಳು ಹೊರಬಂದವು. ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೊಬ್ಬರು ಎತ್ತಿಕೊಳ್ಳಬಹುದು. ಆರಂಭವನ್ನೇ ಕಾಣದ ಕೆಲಸವನ್ನು ಎತ್ತಿಕೊಳ್ಳುವವರು ಯಾರು?

ಈ ಶ್ರೀಮಠವನ್ನೇ ನೋಡಿರಿ. ಈ ಪ್ರಸಾದನಿಲಯದ ಕಲ್ಲುಗಳನ್ನು ಯಾವ ಅರಸನೂ ಹೊರಿಸಿ ತಂದಿಲ್ಲ. ಐವತ್ತು ವರ್ಷಗಳಿಂದ ಇಲ್ಲಿ ಉಂಡು ಓದಿ ಹೋದ ಬಡ ಮಕ್ಕಳಿಗೆ ಅನ್ನವನ್ನಿಕ್ಕಿದ್ದು ಸುತ್ತಲಿನ ಹಳ್ಳಿಗಳ ಗಡಿಗೆಗಳು. ಆ ಗಡಿಗೆಗಳಲ್ಲಿ ಯಾವೊಂದೂ ದೊಡ್ಡದಾಗಿರಲಿಲ್ಲ. ಮುಷ್ಟಿಯನ್ನು ಹಾಕಿದ ತಾಯಂದಿರಲ್ಲಿ ಅನೇಕರು ಈ ಸುವರ್ಣ ಮಹೋತ್ಸವವನ್ನು ಕಾಣಲು ಉಳಿದಿಲ್ಲ. ನಮ್ಮ ಅವ್ವನೂ ಉಳಿದಿಲ್ಲ. ಆದರೆ ಅವರು ಬೀಸುವ ಮೊದಲು ತೆಗೆದಿಟ್ಟದ್ದೇ ಈ ದಿವಸ ನಮ್ಮೆಲ್ಲರ ತಲೆಯ ಮೇಲೆ ಮಾಡಾಗಿ ನಿಂತಿರುವದು.

ನಾಳೆಯ ಬೆಳಿಗ್ಗೆ, ದಿವಸವನ್ನು ಸಂಸಾರದ ಕಲ್ಲಿಗೆ ಸುರಿಯುವ ಮೊದಲು, ಒಂದು ಮುಷ್ಟಿಯನ್ನು ಬೇರೆ ತೆಗೆದಿಡಿರಿ. ಅದನ್ನು ಫಲಿಸುವ ಹೊಣೆಯು ಆ ಪರಶಿವನದು.